ಒಂದು ರಿಂಗ್ ಕೊಟ್ಟು ಕಟ್ ಮಾಡು

ಮಗಳು ಪಿಯುಸಿಗೆ ಸೇರಿದ ವರ್ಷ ನಮ್ಮ ಮನೆಯಲ್ಲಿ ಫೋನಿನ ಜಗಳ ಶುರುವಾಯಿತು. ಹೆಗ್ಗನಹಳ್ಳಿಯಲ್ಲಿ ನಾನೂ ನನ್ನ ಗಂಡನೂ ಹಿಟ್ಟಿನ ಮಿಲ್ ನಡೆಸುತ್ತೇವೆ. ಕಾಲೇಜು ಹತ್ತಿರದಲ್ಲೇ ಇದ್ದರೂ ಟ್ಯೂಷನ್ ಮಾತ್ರ ವಿಜಯನಗರದಲ್ಲಿ. ಹದಿನಾರು ವರ್ಷದ ಹುಡುಗಿ ಸಂಜೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬರಬೇಕು, ಕೈಯಲ್ಲೊಂದು ಫೋನ್ ಇರಲೇಬೇಕು ಎಂಬಲ್ಲಿಯವರೆಗೆ ಮೂವರದೂ ಒಂದೇ ಮಾತು. ಯಾವ ಫೋನ್ ಎಂದಾಗಲೇ ಮನೆ ಎರಡು ಹೋಳಾದದ್ದು.

ಅವಳಿಗೆ ಟಚ್ ಫೋನ್ ಬೇಕು; ನೋಟ್ಸೆಲ್ಲ ಟ್ಯೂಷನ್ ಗ್ರೂಪಿನಲ್ಲೇ ಬರುತ್ತದಂತೆ. ಅವರಪ್ಪನೂ ಅವಳ ಪರ. ನನಗೋ ನಮ್ಮ ಬೀದಿಯ ಮಕ್ಕಳು ತಲೆ ಬಗ್ಗಿಸಿಕೊಂಡು ರೀಲ್ಸ್ ನೋಡುತ್ತಾ ಕೂರುವುದನ್ನು ಕಂಡರೇ ಮೈ ಉರಿಯುತ್ತದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸುಂಕದಕಟ್ಟೆಯ ಅಂಗಡಿಯಲ್ಲಿ ಬಟನ್ ಫೋನ್ ಕೊಡಿ ಎಂದೆ. ಅಜ್ಜಿಗಾ ಆಂಟಿ ಎಂದು ಅಂಗಡಿಯವನು ಕೇಳಿದ. ಮಗಳು ಬಾಗಿಲಾಚೆ ಹೋಗಿ ನಿಂತಳು.

ಫೋನಿನ ಜೊತೆಗೆ ಒಂದು ಕಟ್ಟಳೆಯನ್ನೂ ಮಾಡಿದೆ. ಮಿಲ್ ಓಡುವಾಗ ಫೋನ್ ಎತ್ತಿದರೂ ಏನೂ ಕೇಳಿಸುವುದಿಲ್ಲ, ಕೈಯೆಲ್ಲ ಹಿಟ್ಟು ಬೇರೆ. ಮದುವೆಯಾದ ಹೊಸತರಲ್ಲಿ ತವರಿಗೆ ಮಿಸ್ಡ್ ಕಾಲ್ ಕೊಟ್ಟುಕೊಂಡೇ ದಿನ ತಳ್ಳಿದವಳು ನಾನು. ಅದನ್ನೇ ಇವಳಿಗೂ ಹೇಳಿಕೊಟ್ಟೆ.

“ಟ್ಯೂಷನ್ ತಲುಪಿದ ತಕ್ಷಣ ಒಂದು ರಿಂಗ್ ಕೊಟ್ಟು ಕಟ್ ಮಾಡು. ವಾಪಸ್ ಬಸ್ ಹತ್ತಿದಾಗ ಇನ್ನೊಂದು. ನಾನು ಎತ್ತಲ್ಲ, ತಿಳ್ಕೋತೀನಿ.”

ಎರಡು ತಿಂಗಳು ಚಾಚೂ ತಪ್ಪದೆ ನಡೆಯಿತು. ಐದೂವರೆಗೆ ಒಂದು ರಿಂಗ್, ಏಳೂವರೆಗೆ ಒಂದು ರಿಂಗ್. ನೋಡಿದಿರಾ ಎಂದು ಗಂಡನ ಮುಂದೆ ಜಂಭ ಕೊಚ್ಚಿಕೊಂಡದ್ದೂ ಉಂಟು.

ಆ ದಿನ ಮಿಲ್ ಮುಂದೆ ಡಬ್ಬಗಳ ಸಾಲೇ ಇತ್ತು. ಐದೂಕಾಲಿಗೆ ಫೋನ್ ಹೊಡೆದುಕೊಂಡಿತು, ನಿಲ್ಲಲೇ ಇಲ್ಲ. ಕಟ್ ಮಾಡುವುದನ್ನು ಮರೆತಿದ್ದಾಳೆ ಕೋತಿ ಎಂದುಕೊಂಡು ನಾನೇ ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮನೆಗೆ ಬರಲಿ, ಇದೆ ಇವಳಿಗೆ ಎಂದು ಬೈದುಕೊಂಡೆ. ಹೇಗೂ ತಲುಪಿದಳಲ್ಲ ಎಂದು ಮುಂದಿನ ಡಬ್ಬದ ಗೋಧಿ ಸುರಿದೆ.

ಏಳೂವರೆಯಾಯಿತು, ರಿಂಗ್ ಇಲ್ಲ. ಏಳೂಮುಕ್ಕಾಲಿಗೆ ನಾನೇ ಮಾಡಿದೆ, ಸ್ವಿಚ್ ಆಫ್. ಮಿಲ್ ನಿಲ್ಲಿಸಿದೆ. ಗಂಡ ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿದರೆ, ಅವಳು ಇವತ್ತು ಬರಲೇ ಇಲ್ಲವಲ್ಲ ಎಂದರಂತೆ. ಹಾಗಾದರೆ ಐದೂಕಾಲಿನ ಆ ಎರಡು ಕರೆ? ಕಟ್ ಮಾಡಿದ್ದನ್ನು ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸ್ಕೂಟರ್ ಹತ್ತಿ ಮಾಗಡಿ ರೋಡಿನ ಕಡೆ ಹೋದರು. ನಾನು ಶಟರ್ ಹತ್ತಿರ ನಿಂತು ಮನೆದೇವರಿಗೆ ಹರಕೆ ಕಟ್ಟಿಕೊಂಡೆ. ಸಾಲಿನಲ್ಲಿದ್ದ ಹೆಂಗಸರು ಹೇಳಿದ ಸಮಾಧಾನ ಒಂದೂ ಕಿವಿಗೆ ಹೋಗಲಿಲ್ಲ.

ಎಂಟೂಕಾಲಿಗೆ ಆಟೋದಿಂದ ಅವಳು ಇಳಿದಳು, ಜೊತೆಗೆ ಗುರುತಿಲ್ಲದ ಒಬ್ಬ ಹೆಂಗಸು. ಕಾಮಾಕ್ಷಿಪಾಳ್ಯದಲ್ಲಿ ಮೆಡಿಕಲ್ ಸ್ಟೋರ್ ನಡೆಸುವವರು. ಆಕೆಯೇ ಎಲ್ಲ ಹೇಳಿದರು. ಬಸ್ಸಿನಲ್ಲಿ ಯಾವನೋ ಇವಳ ಹಿಂದೆ ಬಿದ್ದಿದ್ದನಂತೆ. ಹೆದರಿ ಅಲ್ಲೇ ಇಳಿದರೆ ಅವನೂ ಇಳಿದನಂತೆ. ಇವಳು ಆಕೆಯ ಅಂಗಡಿಗೆ ನುಗ್ಗಿದಳಂತೆ. ಆಕೆ ಅವನಿಗೆ ಉಗಿದು ಓಡಿಸಿ, ಇವಳನ್ನು ಒಳಗೆ ಕೂರಿಸಿಕೊಂಡು, ಅಂಗಡಿ ನೋಡಿಕೊಳ್ಳಲು ತನ್ನ ಗಂಡ ಬಂದ ಮೇಲೆ ಕರೆತಂದಿದ್ದರು. ಮನೆಗೆ ಫೋನ್ ಮಾಡಮ್ಮ ಎಂದು ಎಷ್ಟು ಹೇಳಿದರೂ ಇವಳು ಕೇಳಲಿಲ್ಲವಂತೆ.

ಮಗಳನ್ನು ತಬ್ಬಿಕೊಳ್ಳುವುದು ಬಿಟ್ಟು ನಾನು ಮಾಡಿದ್ದೇನು? ಫೋನ್ ಯಾಕೆ ಆಫ್ ಮಾಡಿದ್ದೆ ಎಂದು ಗದರಿದೆ. ಅದೇ ನನ್ನ ಹಾಳು ಬುದ್ಧಿ.

“ಎರಡು ಸಲ ಮಾಡ್ದೆ. ಎರಡು ಸಲಾನೂ ನೀನು ಕಟ್ ಮಾಡ್ದೆ,” ಎಂದಳು. “ಇನ್ಯಾರಿಗೆ ಮಾಡ್ಲಿ? ಅದ್ರಲ್ಲಿ ಇರೋದು ನಿನ್ ನಂಬರ್ ಒಂದೇ ಅಲ್ವಾ.”

ನಿಜ. ಗೆಳತಿಯರ ಜೊತೆ ಹರಟೆ ಹೊಡೆಯದಿರಲಿ ಎಂದು ಬೇರೆ ಯಾವ ನಂಬರನ್ನೂ ಹಾಕದೆ ಕೊಟ್ಟವಳು ನಾನೇ. ಅಪ್ಪನ ನಂಬರ್ ಅವಳಿಗೆ ಬಾಯಿಪಾಠವಿರಲಿಲ್ಲ. ಈಗ ಯಾರಿಗೆ ಯಾರದು ಬಾಯಿಪಾಠವಿರುತ್ತದೆ? ಅವಳ ದನಿಯಲ್ಲಿ ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಭಾನುವಾರ ನಾನೇ ಮುಂದೆ ಬಿದ್ದು ಟಚ್ ಫೋನ್ ಕೊಡಿಸಿದೆ. ಅವಳು ಕೌಂಟರಿನ ಬಳಿಯೇ ನಿಂತು ನಂಬರ್ ಹಾಕತೊಡಗಿದಳು. ಮೊದಲು ಅಪ್ಪನದು. ಆಮೇಲೆ ಬ್ಯಾಗಿನಿಂದ ಒಂದು ಚೀಟಿ ತೆಗೆದು, ಮೆಡಿಕಲ್ ಸ್ಟೋರಿನ ಆಂಟಿಯದು. ನಾನು ಪಕ್ಕದಲ್ಲೇ ಕಾಯುತ್ತಾ ನಿಂತಿದ್ದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ನಿಂದೂ ಹಾಕ್ಲಾ?” ಎಂದು ಕೇಳಿದಳು.