ಬೇರಿನಿಂದ ಬೀಜದವರೆಗೆ ಸ್ಪ್ಯಾನಿಷ್

ವಿಜಯನಗರದ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರವೆಂದರೆ ಮರಿಯಪ್ಪನವರು ಎನ್ನುವಷ್ಟರ ಮಟ್ಟಿಗೆ ಆ ವಿಷಯವನ್ನು ಬೆಳೆಸಿದ, ಕಾಲ ಕೆಳಗಿನ ಕಳೆಯನ್ನೂ ಗೌರವದಿಂದ ನೋಡಲು ಮಕ್ಕಳಿಗೆ ಕಲಿಸಿದ ಹಿರಿಯರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು, ಕನ್ನಡ ಪಾಠ ಮಾಡಿಕೊಂಡು ಬಂದ ನನಗೆ ಅವರು ಪೂರ್ತಿ ಅರ್ಥವಾಗಿದ್ದಾರೆಂದರೆ ಸುಳ್ಳಾದೀತು.

ಸೇವೆಗೆ ಸೇರಿದ ಹೊಸತರಲ್ಲೇ ಅವರು ಮಲ್ಲತ್ತಹಳ್ಳಿ ಕೆರೆಯಂಚಿನಿಂದ ಗಿಡಗಳನ್ನು ಬೇರುಸಹಿತ ತಂದು, ಮಣ್ಣು ಉದುರಿಸಿಕೊಂಡೇ ತರಗತಿಗೆ ಹೋಗುತ್ತಿದ್ದರು. ಬೇರು ಮುಟ್ಟದೆ ಯಾರೂ ಹೂವಿನ ಹೆಸರು ಹೇಳುವಂತಿರಲಿಲ್ಲ. ನಾನು ಹುಷಾರಿಲ್ಲದೆ ಮಲಗಿದಾಗ ನನ್ನ ತರಗತಿಗಳನ್ನೂ ಅವರೇ ತೆಗೆದುಕೊಂಡರು. ಮರಳಿ ಬಂದು ಷಟ್ಪದಿ ಎಂದರೇನೆಂದು ಕೇಳಿದರೆ ಮಕ್ಕಳು ದಾಸವಾಳದ ವಿಚಾರ ಹೇಳಿದರು.

ನನ್ನ ನಿಜವಾದ ಗಲಿಬಿಲಿ ಶುರುವಾದದ್ದು ಆಮೇಲೆ. ಕೆಂಗೇರಿಯ ಬೀಜದ ಕಂಪನಿಯೊಂದು ಮೆಕ್ಸಿಕೊಗೆ ಮೆಣಸಿನಕಾಯಿ ಬೀಜ ಕಳಿಸುತ್ತದೆ, ಸ್ಪ್ಯಾನಿಷ್ ಬಲ್ಲ ಸಸ್ಯಶಾಸ್ತ್ರದ ಪದವೀಧರರು ಬೇಕಂತೆ ಎಂದು ತಿಳಿದದ್ದೇ ತಡ, ಮರಿಯಪ್ಪನವರು ಮೊಬೈಲಿನಲ್ಲಿ ಕೇಳಿ ಕೇಳಿ ಆ ಭಾಷೆ ಕಲಿಯತೊಡಗಿದರು. ಬೇರು ರಾಯಿಸ್, ಎಲೆ ಓಹಾ, ಹೂವು ಫ್ಲೋರ್, ಬೀಜ ಸೆಮಿಯಾ. ಕಲಿತದ್ದು ಇಷ್ಟೇ, ಗಿಡದ ಆಚೆಗೆ ಒಂದು ಮಾತೂ ಇಲ್ಲ. ಇಷ್ಟನ್ನೇ ಗಿಡ ಮುಟ್ಟಿಸಿ ಮುಟ್ಟಿಸಿ ಮಕ್ಕಳಿಗೂ ಕಲಿಸಿದರು.

ಉತ್ತರ ಕರ್ನಾಟಕದಿಂದ ಬಂದು ಸುಂಕದಕಟ್ಟೆಯಲ್ಲಿ ಕೋಣೆ ಮಾಡಿಕೊಂಡಿದ್ದ ಚೇತನಾ ಮರಿಯಪ್ಪನವರ ಮೆಚ್ಚಿನ ವಿದ್ಯಾರ್ಥಿನಿ. ಆ ಕಂಪನಿಯ ಕೆಲಸ ಸಿಗದಿದ್ದರೆ ಆಕೆ ಊರಿಗೆ ಮರಳಬೇಕಿತ್ತು. ಸಂದರ್ಶನದಲ್ಲಿ ಮೆಣಸಿನ ಗಿಡದ ಭಾಗಗಳನ್ನೆಲ್ಲ ಪಟಪಟನೆ ಹೇಳಿದಳಂತೆ. ಆಮೇಲೆ ಹೆಸರೇನು, ಯಾವ ಊರು ಎಂದು ಸ್ಪ್ಯಾನಿಷಿನಲ್ಲಿ ಕೇಳಿದರೆ ಬಾಯಿ ಕಟ್ಟಿತು.

ಸ್ಟಾಫ್ ರೂಮಿಗೆ ಬಂದು ಹೇಳಿದಳು: "ಗಿಡದ್ದೆಲ್ಲಾ ಹೇಳಿದ್ನಿರಿ ಸರ್. ನನ್ನ ಬಗ್ಗೆ ಕೇಳಿದ್ರ ಏನೂ ಬರ್ಲಿಲ್ರಿ."

ಮರಿಯಪ್ಪನವರು ಕೈಯಲ್ಲಿದ್ದ ಗಿಡವನ್ನು ಮೇಜಿನ ಮೇಲಿಟ್ಟರು. "ತಪ್ಪು ನಂದು ಕಣಮ್ಮ. ಗಿಡದ ಪರಿಚಯ ಮಾಡ್ಸಿದೆ, ನಿನ್ನನ್ನ ಮರ್ತೇಬಿಟ್ಟೆ."

ಇಂಥ ಸೋಲನ್ನು ಮರಿಯಪ್ಪನವರ ಈ ಅಭಿನಂದನ ಗ್ರಂಥದಲ್ಲಿ ಬರೆಯಬಹುದೇ ಎಂದು ಸಂಪಾದಕರನ್ನು ಕೇಳಿದೆ, ಅವರಿಗೂ ತಿಳಿಯಲಿಲ್ಲ. ಬರೆದಿದ್ದೇನೆ. ಏಕೆಂದರೆ ಮರಿಯಪ್ಪನವರು ಕಂಪನಿಯವರನ್ನು ಕಂಡು ಚೇತನಾಳಿಗೆ ಇನ್ನೊಂದು ಅವಕಾಶ ಕೇಳಿಕೊಂಡರು, ಅವಳನ್ನು ರಾಜಾಜಿನಗರದ ಸ್ಪ್ಯಾನಿಷ್ ಸಂಜೆ ತರಗತಿಗೆ ಸೇರಿಸಿದರು, ತಾವೂ ಅವಳ ಪಕ್ಕದಲ್ಲೇ ಕುಳಿತರು. ಎರಡನೆಯ ಸಲ ಚೇತನಾ ತನ್ನ ಹೆಸರು, ಊರು, ತಾಯಿ ಅಕ್ಕವ್ವನ ಹೆಸರು ಎಲ್ಲವನ್ನೂ ಹೇಳಿ ಕೆಲಸಕ್ಕೆ ಸೇರಿದಳು. ನನಗೆ ಬಹಳ ಸಂತೋಷವಾಯಿತು.

ಆ ತರಗತಿಯ ಪರೀಕ್ಷೆಯಲ್ಲಿ ಮರಿಯಪ್ಪನವರು ಮಾತ್ರ ಫೇಲಾದರು. ಈಗ ಭಾನುವಾರಗಳಂದು ಚೇತನಾ ಗುರುಗಳ ಮನೆಗೇ ಹೋಗಿ ಪಾಠ ಹೇಳುತ್ತಾಳೆ, ತಪ್ಪಿದರೆ ಗದರುತ್ತಾಳೆ, ಅವರು ತಲೆಯಾಡಿಸುತ್ತಾರೆ. ಭಗವಂತ ಅವರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಕೊಡಲಿ. ನಿವೃತ್ತರಾಗುವ ಗುರುಗಳಿಗೆ ವಿಶ್ರಾಂತಿ ಸಿಗಲೆಂದು ಹಾರೈಸಬೇಕೆಂದಿದ್ದೆ. ಮುಂದಿನ ತಿಂಗಳು ಅವರಿಗೆ ಮತ್ತೆ ಪರೀಕ್ಷೆಯಿದೆ.