ಅಂಚು ಒಡೆದ ಬಟ್ಟಲು

ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡಿದರೆ ಗುಂಡಿಯಣ್ಣ ಲಾಭದ ಗಿರಾಕಿಯಲ್ಲ. ಮೊಣಕಾಲಿನವರೆಗೆ ಮಣ್ಣು, ಜೇಬು ತೂತು, ಭುಜ ಮಾತ್ರ ಗಟ್ಟಿ ಮಾಲು. ಪಿಂಗಾಣಿ ಅಂಗಡಿಗೆ ಬಂದವರೆಲ್ಲ ಬಟ್ಟಲನ್ನು ಬೆಳಕಿಗೆ ಹಿಡಿದು, ಬಿರುಕು ಹುಡುಕಿ, ಚೌಕಾಸಿಗೆ ಇಳಿಯುತ್ತಾರೆ. ಈತ ಬಿರುಕು ಸಿಗದಿದ್ದರೆ ಬಟ್ಟಲನ್ನು ವಾಪಸು ಇಟ್ಟುಬಿಡುತ್ತಿದ್ದ.

"ಒಡೆದಿದ್ದು ಏನಾದ್ರೂ ಬಂದಿದ್ಯಾ ಸಾವ್ಕಾರ್ರೇ?"

"ನೀನು ಹಿಂಗೇ ಕೇಳ್ತಿದ್ರೆ ನಾನೇ ಕೂತು ಒಡೀಬೇಕಾಗುತ್ತೆ, ನೋಡು," ಎನ್ನುತ್ತಿದ್ದ ಅಂಗಡಿಯವ.

ಗುಂಡಿಯಣ್ಣ ಸ್ಮಶಾನದಲ್ಲಿ ಗುಂಡಿ ತೋಡುವವನು. ಊರಾಚೆಯ ದಿಬ್ಬದಲ್ಲಿ ಹಳೆಯ ಪಟ್ಟಣವೊಂದರ ಉತ್ಖನನ ಶುರುವಾದಾಗ, ಕೈ ಹದವಾಗಿದೆಯೆಂದು ಒಂದು ಬೇಸಿಗೆ ಅವನನ್ನೂ ಕರೆದಿದ್ದರು. ಅಲ್ಲಿ ದೊಡ್ಡವರ ಗೋರಿಗಳೆಲ್ಲ ಖಾಲಿ. ಚಿನ್ನದಾಸೆಗೆ ಆ ಕಾಲದ ಕಳ್ಳರೇ ತೋಡಿ, ಮೂಳೆಗಳನ್ನು ಚೆಲ್ಲಾಪಿಲ್ಲಿ ಮಾಡಿ ಹೋಗಿದ್ದರು. ಮೂಲೆಯಲ್ಲೊಬ್ಬ ಹೆಂಗಸು ಮಾತ್ರ ಮಗ್ಗುಲಾಗಿ, ಈಗಷ್ಟೇ ಕಣ್ಣು ಹತ್ತಿದವಳ ಹಾಗೆ, ಮೂರು ಸಾವಿರ ವರ್ಷದಿಂದ ಮಲಗಿದ್ದಳು. ತಲೆಯ ಬಳಿ ಅಂಚು ಒಡೆದ ಮಣ್ಣಿನ ಬಟ್ಟಲು.

"ಕಳ್ಳರು ಇಲ್ಲೂ ಕೆದಕಿ ನೋಡಿರ್ತಾರೆ. ಒಡಕು ಅಂತ ಬಿಟ್ಟು ಹೋಗಿದ್ದಾರೆ," ಅಂದರು ಉತ್ಖನನದ ಮೇಡಂ. ಮಣ್ಣು ಜರಡಿ ಹಿಡಿದು ಚೂರನ್ನು ಹುಡುಕಿ, ಬಟ್ಟಲಿಗೆ ಅಂಟಿಸಿದರು.

ಅಂದಿನಿಂದ ಅವನಿಗೆ ಅದರದೇ ಹುಚ್ಚು. ರಜೆ ಸಿಕ್ಕರೆ ವಸ್ತುಸಂಗ್ರಹಾಲಯಕ್ಕೆ ಹೋಗಿ, ಕಾವಲುಗಾರ ಗದರುವ ತನಕ ಆ ಬಟ್ಟಲಿನ ಮುಂದೆ ನಿಲ್ಲುತ್ತಿದ್ದ. ಆಸ್ಪತ್ರೆಯಿಂದ ಬರುವ, ವಾರಸುದಾರರಿಲ್ಲದ ಹೆಣಗಳ ತಲೆಯ ಬಳಿ ಒಂದೊಂದು ಒಡಕು ಬಟ್ಟಲಿಡತೊಡಗಿದ. "ಮುಂದೆ ಯಾವತ್ತೋ ಅಗೆದೋರಿಗೆ, ಇವನಿಗೂ ಒಬ್ರು ಇದ್ರು ಅಂತ ಗೊತ್ತಾಗ್ಲಿ." ಒಡಕೇ ಏಕೆಂದರೆ, ಆ ಸ್ಮಶಾನದಲ್ಲೂ ಹೊಸ ಗುಂಡಿ ಕೆದಕುವವರಿದ್ದರು, ಹೊದಿಸಿದ ಬಟ್ಟೆಯನ್ನೂ ಬಿಡುವ ಪೈಕಿಯಲ್ಲ.

ಗೋಣಿಚೀಲ ಹೊಲಿಯುತ್ತಿದ್ದ ಅವನ ಹೆಂಡತಿಗೆ ಇದನ್ನು ಕಂಡರೆ ಮೈಯುರಿ. "ಸತ್ತೋರಿಗೆ ಪಿಂಗಾಣಿ, ಬದುಕಿರೋಳಿಗೆ ಈ ನೆಗ್ಗಿದ ಲೋಟ! ನಂಗೂ ಒಂದು ತನ್ನಿ ನೋಡೋಣ. ಇಡೀದು!"

"ತಂದ್ರಾಯ್ತು ಬಿಡೇ," ಎನ್ನುತ್ತಿದ್ದ. ತರಲಿಲ್ಲ. ಗೋಣಿಯ ಧೂಳು ಅವಳ ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ ಬಡಕಲಾದಳು.

ಒಂದು ಬೆಳಗ್ಗೆ ಆತ ಅಂಗಡಿಗೆ ಬಂದು, ಮೇಲಿನ ಹಲಗೆಯ ನೀಲಿ ಅಂಚಿನ ಬಟ್ಟಲನ್ನು ಇಳಿಸಲು ಹೇಳಿದ.

"ಅಬ್ಬಾ! ಬಿರುಕಿಲ್ಲದ್ದು! ಯಾರಪ್ಪಾ ಅಂಥಾ ದೊಡ್ಡ ಕುಳ?"

"ನಮ್ಮನೆಯೋಳು."

ಅಂಗಡಿಯವ ಬಟ್ಟಲನ್ನು ಇಳಿಸಿ ಕೊಟ್ಟ. ಗುಂಡಿಯಣ್ಣ ಬಟ್ಟಲಿನ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟು, ನಿಂತು, ಮತ್ತೆ ತಿರುಗಿ ಬಂದ. ಮೇಜಿನ ಮೇಲಿದ್ದ ತೂಕದ ಬಟ್ಟನ್ನು ಎತ್ತಿ ಅಂಚಿಗೆ ಬಡಿದ.

"ಅಯ್ಯೋ, ಏನೋ ಇದು!"

"ಇಡೀದು ಇಟ್ರೆ ಕೆದಕೋರು ಅವಳನ್ನ ಮಲಗೋಕೆ ಬಿಡಲ್ಲ ಸಾವ್ಕಾರ್ರೇ." ಬಿದ್ದ ಚೂರನ್ನು ಆರಿಸಿ, ಒರೆಸಿ, ಬಟ್ಟಲೊಳಗೆ ಹಾಕಿದ. "ಇದನ್ನೂ ಜೊತೇಲೇ ಇಡ್ತೀನಿ. ಯಾವತ್ತಾದ್ರೂ ಅಗೆದೋರು ಜೋಡಿಸಿ ನೋಡ್ಲಿ. ಇಡೀದೇ ತಂದಿದ್ದ ಅಂತ ತಿಳೀಲಿ."

ಆಕೆಯ ಗುಂಡಿಯನ್ನು ಯಾರೂ ಕೆದಕಲಿಲ್ಲ.

ಮುಂದಿನ ಚಳಿಗಾಲಕ್ಕೆ ಅವನೂ ಹೋದ. ವಾರಸುದಾರರಿರಲಿಲ್ಲ. ಅಂಗಡಿಯವ ಮಾಲು ತರಲು ಪರವೂರಿಗೆ ಹೋಗಿದ್ದ. ಬರುವಷ್ಟರಲ್ಲಿ ಯಂತ್ರದಿಂದ ಗುಂಡಿ ತೆಗೆದು, ಮುಚ್ಚಿ, ನೆಲ ಮಟ್ಟ ಮಾಡಿದ್ದರು. ತಲೆಯ ಬಳಿ ಏನೂ ಇಟ್ಟಿರಲಿಲ್ಲ.

ಆ ಅಂಗಡಿ ನನ್ನದು. ಗುಂಡಿಯಣ್ಣನಿಗೆ ನನ್ನಿಂದ ಒಂದು ಬಟ್ಟಲು ಬಾಕಿ ಇದೆ.