ಸರಸಮ್ಮನ ಮುಯ್ಯಾಳು

ಸರಸಮ್ಮ ನಮ್ಮ ಕೈಲಾಂಚದವಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಹಿಪ್ಪುನೇರಳೆ ತೋಟ ಅಷ್ಟೆ. ರಾಮನಗರದ ಅಂಚಿನಲ್ಲಿರುವ ಗಂಗರಾಜು ಅವರ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ನನಗೆ ಕಿಟಕಿಯ ಕೆಳಗೆ ಕೂತು ಕಲೆ ಬಿದ್ದ ಗೂಡು ಆರಿಸುವ ಕೆಲಸ. ಅವಳು ಬೇಸಿನ್ ಮುಂದೆ ನಿಂತು, ಬಿಸಿನೀರಿನಲ್ಲಿ ಬೆಂದ ಗೂಡುಗಳ ಎಳೆ ಹುಡುಕಿ ರಾಟೆಗೆ ಕೊಡುವವಳು. ದಿನವೆಲ್ಲ ನೀರಿನಲ್ಲಿ ಆಡಿ ಅವಳ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದರೆ ಬೆರಳು ತಂತಾನೇ ಜಾರುತ್ತವೆ ಅನ್ನುತ್ತಿದ್ದಳು.

ಗಂಡ ಚನ್ನಯ್ಯ ಕುರಿ ಸಾಕಿದವನು. ಕುರಿಮಂದೆ ಹಿಂದೆ ಬಿಸಿಲಲ್ಲಿ ನಡೆದು ನಡೆದು ಗಟ್ಟಿಯಾದ ಆಳು. ಅಂಥವನಿಗೆ ಕಿಡ್ನಿ ಕೆಟ್ಟಿತು. ವಾರಕ್ಕೆ ಎರಡು ಸಲ ಮಧ್ಯಾಹ್ನದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಶುದ್ಧಿ ಮಾಡಿಸಬೇಕು. ಮಕ್ಕಳಿಲ್ಲ. ಬಸ್ಸು ಹತ್ತಿಸಿ ಇಳಿಸುವುದಕ್ಕೆ ಸರಸಮ್ಮನೇ ಆಗಬೇಕು.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಿನ್ನ ಹೊಲದ ಕಳೆ ತೆಗೆಯೋಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಆಳಿಗೆ ಆಳು. ಮುಯ್ಯಿ ಉಳಿಸಿಕೊಂಡವರಿಗೆ ಊರಲ್ಲಿ ಮರ್ಯಾದೆ ಇಲ್ಲ. ಸರಸಮ್ಮ ಹೊಲದ ಆ ಪದ್ಧತಿಯನ್ನೇ ಕಾರ್ಖಾನೆಗೂ ತಂದಿದ್ದಳು. ಪಕ್ಕದ ಬೇಸಿನ್‌ನಲ್ಲಿ ನೂರ್ಜಹಾನ್ ಇದ್ದಳು. ಗಂಡ ಬಿಟ್ಟು ಹೋದವಳು, ಅವಳ ದುಡಿಮೆಯಲ್ಲೇ ಮನೆ ನಡೆಯಬೇಕು. ರಂಜಾನ್ ತಿಂಗಳಲ್ಲಿ ಅವಳು ಉಪವಾಸ ಬಿಡೋಕೆ ಬೇಗ ಹೊರಟರೆ ಸರಸಮ್ಮ ಎರಡು ಬೇಸಿನ್ ನೋಡಿಕೊಳ್ಳುತ್ತಿದ್ದಳು. ಚನ್ನಯ್ಯನ ಆಸ್ಪತ್ರೆ ದಿನ ನೂರ್ಜಹಾನ್ ಎರಡನ್ನೂ ನೋಡಿಕೊಳ್ಳುತ್ತಿದ್ದಳು. ಗಂಗರಾಜು ಕಂಡೂ ಕಾಣದ ಹಾಗಿದ್ದರು. "ಬೇಸಿನ್ ನಿಲ್ಲಬಾರ್ದು ಕಣ್ರವ್ವ, ಆಮೇಲೆ ನೀವುಂಟು, ನಿಮ್ಮ ಮುಯ್ಯಿ ಉಂಟು" ಅನ್ನುತ್ತಿದ್ದರು.

ಆಮೇಲೆ ಅವರಿಗೆ ಮಂಡಿನೋವು ಹೆಚ್ಚಾಗಿ ಮಗಳು ನಯನ ಕಾರ್ಖಾನೆ ನೋಡಿಕೊಳ್ಳಲು ಬಂದಳು. ಒಳ್ಳೆ ಹುಡುಗಿ. ಹಳೇ ಮೇಸ್ತ್ರಿ ತನಗೆ ಬೇಕಾದವರಿಗೆ ಹಾಜರಿ ಹಾಕಿ, ಬೇಡದವರದು ಹಾರಿಸುತ್ತಾನೆ ಅಂತ ನಾವೇ ದೂರು ಹೇಳಿದ್ದೆವು. ಅವಳು ಮೇಸ್ತ್ರಿಯನ್ನು ಬಿಡಿಸಿ ನಮ್ಮ ನಮ್ಮ ಫೋನಿನೊಳಗೇ ಒಂದು ಏರ್ಪಾಡು ಮಾಡಿದಳು. ವಾಟ್ಸಾಪಿನಲ್ಲಿ ಒಂದು ಅಂತ ಒತ್ತಿ ಕಳಿಸಿದರೆ ಕೆಲಸಕ್ಕೆ ಬಂದೆ ಅಂತ. ಎರಡು ಒತ್ತಿದರೆ ಊಟಕ್ಕೆ ಎದ್ದೆ, ಮೂರು ಒತ್ತಿದರೆ ಊಟ ಮುಗಿಸಿ ಬಂದೆ, ನಾಲ್ಕು ಒತ್ತಿದರೆ ಮನೆಗೆ ಹೊರಟೆ. ಅತ್ತ ಕಡೆ ಮನುಷ್ಯರು ಯಾರೂ ಇಲ್ಲ, ಆದರೂ ತಕ್ಷಣ ಉತ್ತರ ಬರುತ್ತಿತ್ತು: "ಸರಿ ಸರಸಮ್ಮ, ನಿಮ್ಮ ಕೆಲಸದ ಹೊತ್ತು ಶುರುವಾಯಿತು." ನಯನ ಅದನ್ನು ಬಾಟ್ ಅನ್ನುತ್ತಿದ್ದಳು. ನಾವು ಬಾಯಿಲ್ಲದ ಮೇಸ್ತ್ರಿ ಅನ್ನುತ್ತಿದ್ದೆವು.

"ಹಳೇ ಮೇಸ್ತ್ರಿ ಆಗಿದ್ರೆ ಎಲೆ ಅಡಿಕೆ ಕೊಟ್ಟು ಸುಮ್ಕಿರಿಸ್ಬೋದಿತ್ತು. ಇದುಕ್ಕೇನ್ ಕೊಡಾನೆ, ಕರೆಂಟಾ?" ಅಂದಳು ನೂರ್ಜಹಾನ್.

"ಅದುಕ್ಕೆ ನಿನ್ನಂಗೆ ಬಾಯಿ ಇಲ್ವಲ್ಲ, ಅದೇ ಪುಣ್ಯ" ಅಂದಳು ಸರಸಮ್ಮ. ಎಲ್ಲರೂ ನಕ್ಕೆವು.

ನಯನ ಎರಡು ಮಾತು ಖಂಡಿತವಾಗಿ ಹೇಳಿದ್ದಳು. ಅರ್ಧ ದಿನ ಬರುವವರಿಗೆ ಬೇಸಿನ್ ಇಲ್ಲ. ಒಬ್ಬರ ಬದಲು ಇನ್ನೊಬ್ಬರು ಒತ್ತಿದ್ದು ಗೊತ್ತಾದರೆ ಇಬ್ಬರಿಗೂ ಕೆಲಸ ಇಲ್ಲ. ಮುಯ್ಯಿಗೆ ಯಾವ ಅಂಕಿ ಒತ್ತಬೇಕು ಅಂತ ಅವಳು ಹೇಳಲಿಲ್ಲ. ನಾವೂ ಕೇಳಲಿಲ್ಲ, ಬಾಯಿ ಬರಲಿಲ್ಲ.

ಹೀಗಾಗಿ ಆಸ್ಪತ್ರೆ ದಿನ ಸರಸಮ್ಮ ಬೆಳಿಗ್ಗೆ ಬಂದು ಒಂದು ಒತ್ತುವಳು, ಊಟದ ಹೊತ್ತಿಗೆ ಎರಡು ಒತ್ತಿ ಫೋನನ್ನು ನೂರ್ಜಹಾನಳ ಕೈಗೆ ಕೊಟ್ಟು ಹೊರಡುವಳು. ಮೂರು, ನಾಲ್ಕು ಒತ್ತುವುದು ನೂರ್ಜಹಾನ್. ಮಧ್ಯಾಹ್ನದ ಮೇಲೆ ನಯನ ಪೇಟೆ ಕೆಲಸಕ್ಕೆ ಹೋಗಿರುತ್ತಿದ್ದಳು, ಬೇಸಿನ್ ಕಡೆ ಅವಳ ಕಣ್ಣು ಇರುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅವಳು ಆಸ್ಪತ್ರೆ ದಾರಿಯಲ್ಲೇ ಹೋಗಿ ಫೋನ್ ಕೊಟ್ಟು ಬರುವಳು. ರಂಜಾನಿನಲ್ಲಿ ನೂರ್ಜಹಾನ್ ಬೇಗ ಹೊರಟರೆ ಅವಳ ಫೋನಿನಲ್ಲಿ ನಾಲ್ಕು ಒತ್ತುವುದು ಸರಸಮ್ಮ. ಸುಳ್ಳು ಹೇಳುತ್ತಿದ್ದೇವೆ ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ. ಸರಸಮ್ಮನ ಬೇಸಿನ್‌ನಲ್ಲಿ ನೂಲು ಬರುತ್ತಿತ್ತು, ಅವಳ ಆಳು ಅಲ್ಲಿ ನಿಂತಿತ್ತು. ಹೊಲದಲ್ಲಾದರೆ ಅದಕ್ಕೆ ಹಾಜರಿ ಅಂತಲೇ ಲೆಕ್ಕ.

ಚನ್ನಯ್ಯ ತೀರಿಕೊಂಡಿದ್ದು ಅಂಥದ್ದೇ ಒಂದು ದಿನ. ಮೆಷಿನ್‌ಗೆ ಹಾಕಿದ ಸ್ವಲ್ಪ ಹೊತ್ತಿಗೆ ರಕ್ತದೊತ್ತಡ ಇಳಿಯಿತಂತೆ. ಡಾಕ್ಟರು ಬಂದರು, ಸೂಜಿ ಹಾಕಿದರು, ಏರಲೇ ಇಲ್ಲ. ಮಧ್ಯಾಹ್ನ ಪೂರ್ತಿ ಸರಸಮ್ಮ ಅವನ ತಲೆದೆಸೆಯಲ್ಲೇ ಇದ್ದಳು. ಹೊತ್ತು ಮುಳುಗುವ ಸುಮಾರಿಗೆ ಅವನು ನೀರು ಕೇಳಿದ, ಅವಳೇ ಬಾಯಿಗೆ ಬಿಟ್ಟಳು. ಫೋನ್ ಕೊಡಲು ಹೋದ ನೂರ್ಜಹಾನ್ ಬಾಗಿಲಿಗೆ ಹೋಗುವಾಗ ಸರಸಮ್ಮ ಸೆರಗಿನಿಂದ ಗಂಡನ ಬಾಯಿ ಒರೆಸುತ್ತಿದ್ದಳು, ಅವನಾಗಲೇ ಹೋಗಿದ್ದ. ಆ ಫೋನಿನಲ್ಲೇ ಊರಲ್ಲಿದ್ದ ಭಾವ ಬೋರಲಿಂಗಯ್ಯನಿಗೆ ಸುದ್ದಿ ಮುಟ್ಟಿಸಿದರು.

ಹೊಲದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲುತುಪ್ಪ. ಸಮಾಧಿಯ ಮೇಲೆ ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಹಾಲು ತುಪ್ಪ ಬಿಡಬೇಕು, ಹೆಂಡತಿಯಂತೂ ಬಿಡಲೇಬೇಕು. ಕಾರ್ಖಾನೆಯಿಂದ ನೂರ್ಜಹಾನ್ ಬಂದಿದ್ದಳು. ನಯನ ಕೂಡ ಬಂದಿದ್ದಳು, ಆ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಚನ್ನಯ್ಯನ ಅಣ್ಣ ಬೋರಲಿಂಗಯ್ಯನ ಹತ್ತಿರ ಒಂದು ಒಳ್ಳೆ ಮಾತಾಡಬೇಕು ಅಂತ ಹೇಳಿದಳು:

"ನಿಮ್ಮನೆ ಸೊಸೆ ಅಂಥ ಕೆಲಸಗಾರ್ತಿ ನಮ್ಮಲ್ಲಿ ಇನ್ನೊಬ್ರಿಲ್ಲ ಅಣ್ಣ. ಗಂಡ ಅಷ್ಟು ಕಷ್ಟದಲ್ಲಿದ್ರೂ ಒಂದು ದಿನ ತಪ್ಪಿಸ್ಲಿಲ್ಲ. ಅವತ್ತು ಕೂಡ ಕೆಲಸ ಬಿಡೋ ಹೊತ್ತಿನವರೆಗೂ ಬೇಸಿನ್ ಮುಂದೆ ಇದ್ರು, ನನ್ ಫೋನಲ್ಲಿ ಐತೆ ನೋಡಿ."

ಹಾಲು ಬಿಡಲು ಬಗ್ಗಿದ್ದ ಬೋರಲಿಂಗಯ್ಯ ನೆಟ್ಟಗಾದ. ಹಾಲಿನ ಚೊಂಬು ಅವನ ಕೈಯಲ್ಲಿತ್ತು.

"ಅವತ್ತಾ? ನನ್ ತಮ್ಮ ಸತ್ ದಿನ್ವಾ?"

"ಹೌದಣ್ಣ."

ಅವನು ತಿರುಗಿದ. "ಏನವ್ವಾ ಸರಸಿ? ನಿನ್ ಕೈಯಾಗೇ ನೀರ್ ಬುಟ್ಟೆ ಅಂದ್ಯಲ್ಲ ನಂಗೆ? ಅವನ್ನ ಮಿಷನ್ನಿಗೆ ಹಾಕ್ಬುಟ್ಟು ನೂಲು ತೆಗಿಯಾಕೆ ಹೋಗಿದ್ದಾ? ಒಬ್ನೇ ಬಾಯಿ ಬಾಯಿ ಬುಟ್ಕಂಡು ಸತ್ನಾ ಅವ್ನು?"

ನೆರೆದವರು ಗುಸುಗುಸು ಅನ್ನತೊಡಗಿದರು. ಸರಸಮ್ಮ ತಲೆ ಎತ್ತಿದಳು. ಅವಳ ಕಣ್ಣು ಭಾವನ ಕಡೆ ಹೋಗಲಿಲ್ಲ, ನೂರ್ಜಹಾನಳ ಕಡೆ ಹೋಯಿತು, ಆಮೇಲೆ ನಯನಳ ಕಡೆ. ನಾನು ಅವಳ ಮಗ್ಗುಲಲ್ಲೇ ಕೂತಿದ್ದೆ. ನಿಜ ಹೇಳಿದರೆ ನೂರ್ಜಹಾನಳ ಅನ್ನ ಹೋಗುತ್ತದೆ. ಹೇಳದಿದ್ದರೆ ಗಂಡನನ್ನು ಸಾವಿನ ಬಾಯಲ್ಲಿ ಬಿಟ್ಟು ಹೋದವಳು ಅಂತ ಸಾಯುವವರೆಗೂ ಅನ್ನಿಸಿಕೊಳ್ಳಬೇಕು. ಅವಳು ಮತ್ತೆ ತಲೆ ತಗ್ಗಿಸಿದಳು.

"ಬಾಯಿ ಬುಡವ್ವ!"

ಸರಸಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹಂಗಾರೆ ನಿನ್ ಕೈಯ ಹಾಲುತುಪ್ಪ ನನ್ ತಮ್ಮಂಗೆ ಬ್ಯಾಡ. ಅತ್ಲಾಗ್ ನಿಂತ್ಕೊ."

ಅವಳು ನಿಜವಾಗಿಯೂ ಎದ್ದಳು. ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಬದುವಿನ ಮೇಲೆ ನಿಂತಿದ್ದ ನೂರ್ಜಹಾನ್ ಜನದ ಮಧ್ಯೆ ನುಗ್ಗಿಕೊಂಡು ಬಂದಳು.

"ನಿಲ್ಲಿ ಅಣ್ಣಾವ್ರೇ. ಸರಸಕ್ಕ ಅವತ್ತು ಮಧ್ಯಾಹ್ನ ಕಾರ್ಖಾನೇಲಿ ಇರ್ಲೇ ಇಲ್ಲ. ಅವಳ ಫೋನಿತ್ತು. ಒತ್ತಿದ್ದು ನಾನು. ಅವಳ ಬೇಸಿನ್ ನೋಡ್ಕಂಡಿದ್ದೂ ನಾನು. ನಾನ್ ಆಸ್ಪತ್ರೆಗೆ ಹೋದಾಗ ನಿಮ್ಮ ತಮ್ಮಯ್ಯನ ತಲೆ ಇವಳ ತೊಡೆ ಮ್ಯಾಲಿತ್ತು. ಅಲ್ಲಾನ ಆಣೆ."

"ಯಾಕೆ ಬಾಯ್ಬುಟ್ಟೆ ನೂರಿ?" ಅಂದಳು ಸರಸಮ್ಮ. ಮೂರು ದಿನದಿಂದ ಅಳದವಳು ಆಗ ಅತ್ತಳು. "ನಾನ್ ತಡ್ಕತಿದ್ದೆ ಕಣೆ."

"ನೀನ್ ತಡ್ಕತೀಯ. ನನ್ ಕೈಲಿ ನೋಡಕ್ಕಾಗಲ್ಲ."

ಬೋರಲಿಂಗಯ್ಯ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸರಸಮ್ಮನಿಗೆ ಕೊಟ್ಟ. ತಪ್ಪಾಯಿತು ಅನ್ನಲಿಲ್ಲ, ನಮ್ಮ ಗಂಡಸರು ಅನ್ನುವುದಿಲ್ಲ. ಅವಳು ಹಾಲು ಬಿಡುವಾಗ ಟವಲಿನಿಂದ ಮುಖ ಮುಚ್ಚಿಕೊಂಡ. ನಯನ ಹೋಗಿ ಕಾರು ಹತ್ತಿದಳು.

ಸೂತಕ ಕಳೆದ ಮೇಲೆ ಸರಸಮ್ಮ ಕೆಲಸಕ್ಕೆ ಬಂದಳು. ನಯನ ಇಬ್ಬರನ್ನೂ ಕರೆದಳು. ನಾನು ಗೂಡು ಆರಿಸುವ ಜಾಗ ಆಫೀಸಿನ ಬಾಗಿಲ ಪಕ್ಕವೇ, ಮಾತೆಲ್ಲ ಕೇಳಿಸುತ್ತಿತ್ತು.

"ನನಗೆ ಅವತ್ತಿಂದ ನಿದ್ದೆ ಇಲ್ಲ ಸರಸಮ್ಮ. ಒಳ್ಳೇದಂತ ಹೇಳ್ದೆ, ಹಂಗಾಯ್ತು" ಅಂದಳು ನಯನ. ಆಮೇಲೆ ಗಂಟಲು ಸರಿಮಾಡಿಕೊಂಡಳು. "ಆದ್ರೆ ಈಗ ಎಲ್ಲರಿಗೂ ಗೊತ್ತಾಗಿದೆ. ಮೇಸ್ತ್ರಿ ಮೋಸ ಮಾಡ್ತಾನೆ ಅಂತ ಅವನನ್ನ ಕಳಿಸ್ದೆ. ನಿಮ್ಮನ್ನ ಬಿಟ್ರೆ ನಾಳೆ ಬೇರೆಯವರಿಗೆ ಏನ್ ಹೇಳ್ಲಿ? ನೀವು ಇಂಥ ದುಃಖದಲ್ಲಿದ್ದೀರ, ನೀವು ಇರಿ. ಒತ್ತಿದ್ದು ನೂರ್ಜಹಾನ್. ಅವರು ಬೇರೆ ಕಡೆ ನೋಡ್ಕೊಳ್ಲಿ."

ನೂರ್ಜಹಾನ್, "ಆಗ್ಲಿ ಮೇಡಂ" ಅಂದಳು.

"ಅದು ಆಗಾಕಿಲ್ಲ ನಯನಮ್ಮ" ಅಂದಳು ಸರಸಮ್ಮ. "ಅವಳು ಒತ್ತಿದ್ದು ನಂಗೋಸ್ಕರ. ರಂಜಾನಲ್ಲಿ ನಾನು ಒತ್ತಿದ್ದು ಅವಳಿಗೋಸ್ಕರ. ಇದು ನಮ್ಮ ಮುಯ್ಯಿ. ನಿಮ್ಮ ಕಣ್ಣಿಗೆ ತಪ್ಪು, ನಿಮ್ಮ ಮಾತೂ ಸರಿಯೇ. ಆದ್ರೆ ತಪ್ಪಂದ್ರೆ ಇಬ್ರುದೂ ತಪ್ಪು."

"ನಿಮಗೆ ಮನೇಲಿ ಯಾರಿದ್ದಾರೆ ಈಗ? ಯೋಚನೆ ಮಾಡಿ."

"ಮಾಡಿದೀನಿ ಕಣವ್ವ."

ನಯನ ಕರಗಿಯಾಳು ಅಂತ ನಾನೂ ಕಾದೆ. ಕರಗಲಿಲ್ಲ. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಬಾಗಿಲ ಆಚೆ ಕೆಲಸದವರೆಲ್ಲ ಕಿವಿಗೊಟ್ಟು ನಿಂತಿದ್ದರು, ಅದು ಅವಳಿಗೂ ಗೊತ್ತಿತ್ತು. ಸರಸಮ್ಮ ಬೇಸಿನ್ ಪಕ್ಕದ ಗೂಟದಿಂದ ತನ್ನ ಬ್ಯಾಗು ತೆಗೆದುಕೊಂಡಳು. ನೂರ್ಜಹಾನಳದನ್ನೂ ತೆಗೆದಳು. "ನಡಿಯೇ" ಅಂದಳು. ಬಿಸಿನೀರಿನಲ್ಲಿ ಬೆಂದ ಗೂಡು ಹಾಗೇ ತೇಲುತ್ತಿತ್ತು. ಪಕ್ಕದವರು ಯಾರೋ ಬಂದು ಬೆಂಕಿ ತಗ್ಗಿಸಿದರು.

ಈಗ ಇಬ್ಬರೂ ನೂರ್ಜಹಾನಳ ನಂಟರ ಚರಕದ ಮನೆಯಲ್ಲಿ ನೂಲು ತೆಗೆಯುತ್ತ ಅಲ್ಲೇ ಉಳಿದಿದ್ದಾರೆ. ತಗಡಿನ ಸೂರು, ಕಣ್ಣುರಿಸುವ ಹೊಗೆ, ಬೆಂದ ಹುಳದ ವಾಸನೆ. ಕಾರ್ಖಾನೆಯಷ್ಟು ಅನುಕೂಲ ಇಲ್ಲ. ಒಬ್ಬಳು ಚಕ್ರ ತಿರುಗಿಸಬೇಕು, ಒಬ್ಬಳು ಎಳೆ ಕೊಡಬೇಕು. ಮೊನ್ನೆ ಪೇಟೆಗೆ ಹೋದವಳು ಅವರನ್ನು ನೋಡಿಬರಲು ಹೋಗಿದ್ದೆ. ಸರಸಮ್ಮ ಇಳಿದುಹೋಗಿದ್ದಾಳೆ. ಭಾವ ರಾಗಿ ಕಳಿಸಿಕೊಡುತ್ತಾನಂತೆ, ಹಬ್ಬಕ್ಕೆ ಕರೆಯುತ್ತಾನಂತೆ.

"ನಯನಮ್ಮ ಇರು ಅಂದಿದ್ದಳಲ್ಲೇ, ಇರಬಹುದಿತ್ತು" ಅಂದೆ ನಾನು. ಅವಳ ಕೆಮ್ಮು ಕೇಳಲಾರದೆ ಅಂದದ್ದು.

ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ಮಧ್ಯಾಹ್ನ ಅವ್ರು ನನ್ ಮಕ ನೋಡ್ಕಂಡೇ ಇದ್ರು ದೊಡ್ಡಮ್ಮ. ಮಾತಿಲ್ಲ ಕತೆಯಿಲ್ಲ, ಸುಮ್ಕೆ ನೋಡ್ತಿದ್ರು. ಆ ಹೊತ್ತು ನಂಗೆ ಕೊಟ್ಟೋಳು ಇವ್ಳು. ಇವ್ಳನ್ನ ಆಚೆ ಕಳಿಸ್ಬುಟ್ಟು ನಾನು ಆ ಬೇಸಿನ್ ಮುಂದೆ ಹೆಂಗ್ ನಿಂತ್ಕಳ್ಳಿ?"

ನೂರ್ಜಹಾನ್ ಕೇಳಿಸಿಕೊಂಡರೂ ಕೇಳಿಸದವಳ ಹಾಗೆ ಚಕ್ರ ತಿರುಗಿಸುತ್ತಿದ್ದಳು. ಎಳೆ ಕಡಿಯಿತು. ಅವಳು ಚಕ್ರ ಹಿಡಿದು ನಿಲ್ಲಿಸಿದಳು. ಸರಸಮ್ಮ ಬಿಸಿನೀರಿಗೆ ಕೈಯಿಟ್ಟು ತುದಿ ಹುಡುಕತೊಡಗಿದಳು.